ಚನ್ನಗಿರಿಗೆ ಹೋದ ಸೈಕಲ್ ಫ್ರೇಮು

ನ್ಯಾಮತಿ
16-7-1979

ಅಪ್ಪಾಜಿಗೆ ರುದ್ರಾಣಿಯ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ, ಸೈಕಲ್ ಚೆನ್ನಾಗಿಲ್ಲ. ಯುಗಾದಿಗೆ ನೀವು ಚನ್ನಗಿರಿಯಲ್ಲಿ ಕೊಂಡು, ಜಗಳೂರಿಗೆ ತಂದು, ಪೂಜೆ ಮಾಡಿಸಿ ಕೊಟ್ಟ ಸೈಕಲ್ಲಿನ ಫ್ರೇಮ್ ಸೀಟಿನ ಕೆಳಗೆ ಬಿರುಕು ಬಿಟ್ಟಿದೆ. ಕಳೆದ ಗುರುವಾರ ತಾಂಡಾದಲ್ಲಿ ಬಸುರಿಯರನ್ನು ನೋಡಿಕೊಂಡು ವಾಪಸು ಬರುವಾಗ ಕಟಕ್ ಅಂತ ಸದ್ದಾಯಿತು. ಇಳಿದು ನೋಡಿದರೆ ಪೈಪು ಬಾಯಿ ಬಿಟ್ಟಿತ್ತು. ನಾನು ಬೀಳಲಿಲ್ಲ. ಅಮ್ಮನಿಗೆ ಇದನ್ನು ಮೊದಲು ಹೇಳಿ, ಆಮೇಲೆ ಉಳಿದದ್ದು ಓದಿ.

ಇಲ್ಲಿಯ ರಿಪೇರಿಯವನು ಮುಟ್ಟಲಿಲ್ಲ. "ಇದು ಗ್ಯಾರಂಟಿ ಒಳಗೈತೆ ಸಿಸ್ಟರ್. ನಾನು ಬೆಸುಗೆ ಹಾಕಿದ್ರೆ ಕಂಪನಿಯವರು ಕೈ ತೊಳಕಂಡು ಬಿಡ್ತಾರೆ. ತಗಂಡ ಅಂಗಡಿಗೇ ಕಳಿಸ್ರಿ" ಎಂದ. ಅದಕ್ಕೆ ಸಾಸ್ವೆಹಳ್ಳಿ ಮೇಲೆ ಹೋಗುವ ಚನ್ನಗಿರಿ ಬಸ್ಸಿನ ಟಾಪಿಗೆ ಹಾಕಿಸಿ ತಿಪ್ಪೇಶಪ್ಪನವರ ಅಂಗಡಿಗೆ ಕಳಿಸಿದ್ದೇನೆ. ಗ್ಯಾರಂಟಿ ಕಾರ್ಡು ನಿಮ್ಮ ಹೆಸರಿನಲ್ಲಿದೆ. ಹಾಗಾಗಿ ಅವರಿಗೆ ನೀವೇ ಬರೆಯಬೇಕು.

ಯಾಕೆ ಅವಸರ ಎಂದು ನಿಮಗೆ ಗೊತ್ತು. ಆರೋಗ್ಯ ಕೇಂದ್ರದಲ್ಲಿ ನನ್ನದು ಇನ್ನೂ ತಾತ್ಕಾಲಿಕ ಕೆಲಸ. ಜನವರಿಯಲ್ಲಿ ಡಾಕ್ಟರು ನಾನು ಯಾವ ಯಾವ ಹಳ್ಳಿ ಮುಟ್ಟಿದ್ದೇನೆ ಎಂದು ನೋಡಿ, ಕಾಯಂ ಮಾಡಿ ಎಂದು ಮೇಲಕ್ಕೆ ಬರೆಯುತ್ತಾರೆ, ಇಲ್ಲವೇ ಮನೆಗೆ ಹೋಗು ಎನ್ನುತ್ತಾರೆ. ಬಸ್ ರಸ್ತೆಯ ಹಳ್ಳಿಗಳಿಗೆ ಯಾರು ಬೇಕಾದರೂ ಹೋದಾರು. ಒಳಗಿನ ತಾಂಡಾಗಳಿಗೆ ಸೈಕಲ್ ಇಲ್ಲದೆ ಆಗುವುದಿಲ್ಲ.

ಒಂದು ಮಾತು ನಡೆಸಿಕೊಡಿ. ಮೊದಲ ಕಾಗದದಲ್ಲೇ ತಿಪ್ಪೇಶಪ್ಪನವರ ಜೊತೆ ಜಗಳ ತೆಗೆಯಬೇಡಿ.

ರುದ್ರಾಣಿ


ಜಗಳೂರು
22-7-1979

ಚನ್ನಗಿರಿ ಸೈಕಲ್ ಅಂಗಡಿಯ ಮಾಲೀಕರಾದ ತಿಪ್ಪೇಶಪ್ಪನವರಿಗೆ, ಜಗಳೂರಿನ ಪಾತ್ರೆ ವ್ಯಾಪಾರಿ ಪಂಚಾಕ್ಷರಪ್ಪ ಬರೆಯುವುದು.

ಜಗಳ ತೆಗೆಯಬೇಡಿ ಎಂದು ನನ್ನ ಮಗಳು ಬರೆದಿದ್ದಾಳೆ. ಆದ್ದರಿಂದ ಸಮಾಧಾನವಾಗಿಯೇ ಕೇಳುತ್ತೇನೆ. ಹಳೆಯ ಫ್ರೇಮಿಗೆ ಬಣ್ಣ ಬಳಿದು ನನ್ನ ತಲೆಗೆ ಕಟ್ಟಿದಿರೋ ಹೇಗೆ? ಹಳೇ ತಾಮ್ರಕ್ಕೆ ಹುಣಸೆಹಣ್ಣು ತಿಕ್ಕಿ ಹೊಸದೆಂದು ಮಾರುವವರನ್ನು ನಾನು ಈ ಕಣ್ಣಿಂದಲೇ ಕಂಡಿದ್ದೇನೆ. ನಾನು ಮಾರಿಲ್ಲ, ಕಂಡಿದ್ದೇನೆ ಅಷ್ಟೆ. ಕಬ್ಬಿಣದ ಪೈಪು ಯುಗಾದಿಯಿಂದ ಆಷಾಢದೊಳಗೆ ಬಿರಿಯುತ್ತದೆ ಎಂದರೆ ನಂಬಲು ನಾನೇನು ಕಿವಿಯ ಮೇಲೆ ಹೂವಿಟ್ಟುಕೊಂಡು ಕೂತಿಲ್ಲ.

ಅಂಗಡಿಯಲ್ಲಿ ನೀವು ಏನು ಹೇಳಿದಿರಿ ಎಂಬುದು ನನಗೆ ನೆನಪಿದೆ. "ಫ್ರೇಮಿಗೆ ಎರಡು ವರ್ಷ ಗ್ಯಾರಂಟಿ ಐತ್ರಿ, ಕಣ್ಮುಚ್ಚಿ ತಗಂಡು ಹೋಗ್ರಿ" ಎಂದಿರಿ. ಕಣ್ಣು ಮುಚ್ಚಿದ್ದೇ ತಪ್ಪಾಯಿತು. ಈಗ ಫ್ರೇಮನ್ನು ಕಂಪನಿಗೆ ಕಳಿಸುವ ನೆಪದಲ್ಲಿ ಬೇರೆ ಯಾವುದನ್ನೋ ತಂದು ನಿಲ್ಲಿಸಿ, ಇದೇ ನಿಮ್ಮದು ಎಂದರೆ ನಡೆಯುವುದಿಲ್ಲ. ನನ್ನ ಫ್ರೇಮನ್ನು ನಾನು ಕತ್ತಲಲ್ಲೂ ಗುರುತಿಸಬಲ್ಲೆ. ಹೇಗೆ ಎಂಬುದು ನಿಮಗೆ ಬೇಡ.

ಗ್ಯಾರಂಟಿ ಕಾರ್ಡನ್ನು ರಿಜಿಸ್ಟರ್ ಅಂಚೆಯಲ್ಲಿ ಬೇರೆಯಾಗಿ ಕಳಿಸಿದ್ದೇನೆ. ತಲುಪಲಿಲ್ಲ ಎಂಬ ಸಬೂಬು ಬೇಡ.

ಪಂಚಾಕ್ಷರಪ್ಪ


ಚನ್ನಗಿರಿ
9-8-1979

ಪಂಚಾಕ್ಷರಪ್ಪನವರಲ್ಲಿ ವಿನಂತಿ.

ತಮ್ಮ ಕಾಗದ, ಕಾರ್ಡು, ಸೈಕಲ್ ಮೂರೂ ತಲುಪಿವೆ. ಬೈಗುಳವೂ ತಲುಪಿದೆ. ನಾನು ಹಳೆಯ ಫ್ರೇಮ್ ಮಾರುವವನಲ್ಲ. ಕೆರೆಬಿಳಚಿ, ಉಬ್ರಾಣಿಯ ಜನ ನನ್ನಲ್ಲೇ ಸೈಕಲ್ ಕೊಳ್ಳುತ್ತಾರೆ, ಅವರನ್ನು ಕೇಳಬಹುದು.

ಚಕ್ರ, ಹ್ಯಾಂಡಲ್ ಎಲ್ಲ ಬಿಚ್ಚಿ ಇಟ್ಟುಕೊಂಡು ಬರೀ ಫ್ರೇಮನ್ನು ಲಾರಿ ಪಾರ್ಸೆಲ್ಲಿನಲ್ಲಿ ಕಂಪನಿಗೆ ಕಳಿಸಿದ್ದೇನೆ. ಕಂಪನಿಯವರ ಕೆಲಸ ನಿಧಾನ. ಅವರು ನೋಡಬೇಕು, ಒಪ್ಪಬೇಕು, ಹೊಸದು ಕಳಿಸಬೇಕು. ಎಷ್ಟು ದಿನ ಎಂದು ನಾನು ಹೇಳಲಾರೆ.

ಒಂದು ವಿಷಯ ಕೇಳಬೇಕಾಗಿದೆ, ತಪ್ಪು ತಿಳಿಯಬಾರದು. ಕಂಪನಿ ಏಜೆಂಟರು ಅಂಗಡಿಗೆ ಬಂದಿದ್ದಾಗ ಫ್ರೇಮ್ ನೋಡಿ, "ಈ ಜಾಗದಾಗೆ ಬಿರಿಯಾದು ಡಬಲ್ ಹೊಡೆದಾಗಲೇ. ಹಿಂದೆ ಯಾರ್ನೋ ಕೂರಿಸ್ಕಂಡು ಓಡಾಡಿದಾರೆ" ಎಂದರು. ಹಾಗಿದ್ದರೆ ಗ್ಯಾರಂಟಿ ಸಿಗುವುದು ಕಷ್ಟ. ತಮ್ಮ ಮಗಳು ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳುತ್ತಿದ್ದರೇ ಎಂದು ವಿಚಾರಿಸಿ ತಿಳಿಸಬೇಕು.

ಎಂ. ತಿಪ್ಪೇಶಪ್ಪ


ಜಗಳೂರು
14-8-1979

ರುದ್ರಾಣಿಗೆ ಆಶೀರ್ವಾದ.

ಸುತ್ತಿ ಬಳಸಿ ಬರೆಯುವುದಿಲ್ಲ. ನಿನ್ನ ಸೈಕಲ್ಲಿನ ಹಿಂದೆ ಕೂತವರು ಯಾರು?

ಇದನ್ನು ನಾನು ಕೇಳುತ್ತಿಲ್ಲ, ಚನ್ನಗಿರಿಯ ಆ ಮನುಷ್ಯ ಕೇಳುತ್ತಿದ್ದಾನೆ. ಇಬ್ಬರು ಕೂತರೆ ಮಾತ್ರ ಆ ಜಾಗ ಬಿರಿಯುತ್ತದಂತೆ. ಅವನ ಮಾತನ್ನು ನಾನು ನಂಬುವುದಿಲ್ಲ. ಗ್ಯಾರಂಟಿ ತಪ್ಪಿಸಲು ನನ್ನ ಮಗಳ ಮೇಲೆ ಹೇಳುತ್ತಿದ್ದಾನೆ ಎಂದು ನನ್ನ ಅನುಮಾನ. ಆದರೂ ಒಂದು ಸಲ ಕೇಳಿಬಿಡುವುದು ಒಳ್ಳೆಯದು ಎನಿಸಿತು. ನಾಳೆ ಅವನು ಸಾಕ್ಷಿ ಸಮೇತ ಹೇಳಿದರೆ ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ?

ಹೊನ್ನಾಳಿಯ ಅಡಿಕೆ ವ್ಯಾಪಾರಿ ಮರುಳಪ್ಪನವರು ತಮ್ಮ ಮಗನಿಗೆ ನಿನ್ನನ್ನು ಕೇಳಿದ್ದಾರೆ. ಒಳ್ಳೆಯ ಜನ. ಅವರೂ ಮಾತಿನ ಮಧ್ಯೆ, "ನಿಮ್ಮ ಹುಡುಗಿ ಸೈಕಲ್ ಹೊಡೀತಾಳಂತೆ, ಹೌದಾ" ಎಂದರು. ಯಾಕೆ ಕೇಳಿದರು? ಹೊನ್ನಾಳಿಗೂ ನ್ಯಾಮತಿಗೂ ಎಷ್ಟು ದೂರ? ಅವರು ಏನಾದರೂ ಕಂಡರೋ? ನನಗೆ ನಿದ್ದೆ ಹತ್ತುತ್ತಿಲ್ಲ. ನಿಮ್ಮಮ್ಮ ಹೀಗೆಲ್ಲ ಬರೆಯಬೇಡಿ ಎಂದಳು. ಬರೆದಿದ್ದೇನೆ.

ಪಂಚಾಕ್ಷರಪ್ಪ


ನ್ಯಾಮತಿ
2-9-1979

ಅಪ್ಪಾಜಿಗೆ ನಮಸ್ಕಾರ.

ನಿಮ್ಮ ಕಾಗದ ಬಂದ ದಿನವೇ ಉತ್ತರ ಬರೆದಿದ್ದೆ, ಹರಿದು ಹಾಕಿದೆ. ಇದು ಬೇರೆ.

ನನ್ನ ಸೈಕಲ್ಲಿನ ಹಿಂದೆ ಚೌಡಕ್ಕ ಕೂತಿದ್ದಾಳೆ. ಯಾರು ಎಂದು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಈ ಸುತ್ತಿನಲ್ಲಿ ಹೆರಿಗೆ ಮಾಡಿಸುವ ಸೂಲಗಿತ್ತಿ. ಎಲೆಅಡಿಕೆ ಚೀಲ ಬಿಟ್ಟು ಎಲ್ಲಿಗೂ ಹೊರಡುವವಳಲ್ಲ. ನಾನು ಒಬ್ಬಳೇ ಹೋದರೆ ಬಾಗಿಲು ತೆಗೆಯದ ಮನೆಗಳು ಅವಳು ಕೆಮ್ಮಿದರೆ ತೆಗೆಯುತ್ತವೆ. ಒಂದೇ ಸಲ ಕೂತಳು, ಸುರಹೊನ್ನೆ ದಾರಿಯಲ್ಲಿ. "ನಿನ್ನ ಕುದುರೆ ಮ್ಯಾಲೆ ಇನ್ನೊಂದು ದಪ ಕೂರಂಗಿಲ್ಲ ಕಣವ್ವ, ಸೊಂಟ ಹೋತು" ಎಂದು ಇಳಿದವಳು ಮತ್ತೆ ಹತ್ತಿಲ್ಲ. ಬೇಕಿದ್ದರೆ ಅವಳನ್ನು ತಕ್ಕಡಿಯಲ್ಲಿ ಕೂರಿಸಿ ತೂಕ ಬರೆದು ಕಳಿಸುತ್ತೇನೆ, ಮರುಳಪ್ಪನವರಿಗೂ ಒಂದು ಪ್ರತಿ ಕಳಿಸಿ.

ಅಪ್ಪಾಜಿ, ನನಗೆ ಬಹಳ ನೋವಾಯಿತು. ಚನ್ನಗಿರಿಯವರು ಕೇಳಿದ್ದಕ್ಕಲ್ಲ, ಅವರು ವ್ಯಾಪಾರದವರು. ಅದನ್ನು ನೀವು ಅಷ್ಟು ಬೇಗ ನನ್ನ ಕಡೆ ತಿರುಗಿಸಿದ್ದಕ್ಕೆ.

ಈಗ ನಡೆದೇ ಹೋಗುತ್ತಿದ್ದೇನೆ. ಬೆಳಿಗ್ಗೆ ಹೊರಟರೆ ಒಂದು ತಾಂಡಾ ಮುಗಿಸುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಹೀಗಾದರೆ ಜನವರಿಯಲ್ಲಿ ಡಾಕ್ಟರ ಮುಂದೆ ನಿಂತು ಏನು ಹೇಳಲಿ? ಮದುವೆಯ ವಿಚಾರ ಕೆಲಸ ಕಾಯಂ ಆದ ಮೇಲೆ ಎಂದು ನೀವೇ ಒಪ್ಪಿದ್ದಿರಿ. ಫ್ರೇಮಿನ ವಿಷಯ ಮಾತ್ರ ಬರೆಯಿರಿ.

ರುದ್ರಾಣಿ


ಜಗಳೂರು
15-10-1979

ತಿಪ್ಪೇಶಪ್ಪನವರಿಗೆ.

ಕವರ್ ಬಿಟ್ಟು ಬೇಕೆಂದೇ ಪೋಸ್ಟ್ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಊರಿನ ಪೋಸ್ಟ್‌ಮ್ಯಾನ್ ಓದಲಿ, ಪಕ್ಕದ ಅಂಗಡಿಯವನು ಓದಲಿ. ಆಷಾಢದಲ್ಲಿ ಕೊಟ್ಟ ಫ್ರೇಮ್ ದೀಪಾವಳಿ ಬಂದರೂ ಪತ್ತೆ ಇಲ್ಲ. ಕಂಪನಿಗೆ ಕಳಿಸಿದ್ದೀರಿ ಎಂಬುದಕ್ಕೆ ಏನು ಆಧಾರ? ನನ್ನ ಮಗಳ ಹಿಂದೆ ಕೂತವಳು ಒಬ್ಬ ಮುದುಕಿ ಸೂಲಗಿತ್ತಿ, ಒಂದೇ ಸಲ. ಮುದುಕಿ ಕೂತರೆ ಮುರಿಯುವ ಸೈಕಲ್ಲನ್ನು ಮಾರುವ ಅಂಗಡಿ ಇದು ಎಂದು ಎಲ್ಲರೂ ತಿಳಿಯಲಿ.

ಪಂಚಾಕ್ಷರಪ್ಪ, ಪಾತ್ರೆ ವ್ಯಾಪಾರಿ


ಚನ್ನಗಿರಿ
30-10-1979

ಪಂಚಾಕ್ಷರಪ್ಪನವರಲ್ಲಿ ವಿನಂತಿ.

ತಮ್ಮ ಕಾರ್ಡನ್ನು ಊರೆಲ್ಲ ಓದಿತು. ಅಡಿಕೆ ಮಂಡಿಯಲ್ಲಿ ಜನ ನನ್ನನ್ನು ತಡೆದು, "ಮುದುಕಿ ಕೂತ್ರೆ ಮುರಿಯಾ ಸೈಕಲ್ ಇನ್ನೊಂದು ಐತೇನ್ರಿ" ಎಂದು ಕೇಳಿದರು. ಇರಲಿ. ಈ ಕಾಗದವನ್ನು ಮಾತ್ರ ನಾನು ಕವರಿನಲ್ಲಿ ಹಾಕಿ, ಅಂಟಿಸಿ, ನಾನೇ ಡಬ್ಬಿಗೆ ಹಾಕಿ ಬಂದಿದ್ದೇನೆ. ಯಾಕೆಂದು ಮುಂದೆ ತಿಳಿಯುತ್ತದೆ.

ಫ್ರೇಮ್ ಕಂಪನಿಯಿಂದ ವಾಪಸು ಬಂದಿದೆ. ಅವರು ಗ್ಯಾರಂಟಿ ಕೊಡಲು ಒಪ್ಪಿಲ್ಲ. ಪರೀಕ್ಷೆಗೆಂದು ಸೀಟಿನ ಕೆಳಗಿನ ಬಣ್ಣ ತೆಗೆದು ನೋಡಿದ್ದಾರೆ. ಅಲ್ಲಿ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರಗಳಿವೆ. ಪಂಚಾಕ್ಷರಪ್ಪ, ಜಗಳೂರು ಎಂದು ಸ್ಪಷ್ಟವಾಗಿ ಓದಬಹುದು. ಮದುವೆಗೆ ಕೊಡುವ ಬಿಂದಿಗೆ, ಹಂಡೆಗಳ ಮೇಲೆ ಕೊಟ್ಟವರ ಹೆಸರು ಕೊರೆಸುತ್ತೇವಲ್ಲ, ಹಾಗೆಯೇ. ಅದರ ಮೇಲೆ ಕಪ್ಪು ಬಣ್ಣ ಹೊಡೆದು ಮುಚ್ಚಲಾಗಿದೆ. ಬಹಳ ನಯವಾದ ಕೆಲಸ. ಬಿಡಿಸಿ ನೋಡುವವರೆಗೆ ನನಗೂ ಕಂಡಿರಲಿಲ್ಲ.

ಪಾತ್ರೆಯ ತಳ ಗಟ್ಟಿಯಿರುತ್ತದೆ, ಏಟು ತಡೆಯುತ್ತದೆ. ಸೈಕಲ್ಲಿನ ಪೈಪು ಒಳಗೆ ಟೊಳ್ಳು, ತಗಡು ತೆಳು. ಉಳಿ ಬಿದ್ದ ಸಾಲಿನಲ್ಲೇ ಬಿರುಕು ಹೊರಟಿದೆ, ಮೊದಲ ಅಕ್ಷರದಿಂದ ಊರಿನ ಹೆಸರಿನ ತನಕ. ತಮ್ಮ ಮಗಳ ತಪ್ಪು ಇದರಲ್ಲಿ ಏನೂ ಇಲ್ಲ, ಆ ಸೂಲಗಿತ್ತಿಯದೂ ಇಲ್ಲ. ಅಂಥ ಮಾತು ನಾನು ಎತ್ತಿದ್ದಕ್ಕೆ ಕ್ಷಮೆ ಇರಲಿ.

ಬೆಸುಗೆ ಹಾಕಿದರೆ ಮತ್ತೆ ಅಲ್ಲೇ ಬಿಡುತ್ತದೆ. ಹೊಸ ಫ್ರೇಮ್ ಒಂದೇ ದಾರಿ. ಬೇಕೆಂದರೆ ಲಾಭ ಇಟ್ಟುಕೊಳ್ಳದೆ ತರಿಸಿಕೊಡುತ್ತೇನೆ. ಮುಂದೇನು ಮಾಡಬೇಕು, ಅಪ್ಪಣೆಯಾಗಬೇಕು.

ಎಂ. ತಿಪ್ಪೇಶಪ್ಪ


ಜಗಳೂರು
12-11-1979

ರುದ್ರಾಣಿಗೆ ಆಶೀರ್ವಾದ.

ಫ್ರೇಮಿನ ವಿಷಯ ಬರೆಯಿರಿ ಎಂದಿದ್ದೆ ನೀನು. ಇನ್ನೂ ಏನೂ ತೀರ್ಮಾನವಾಗಿಲ್ಲ. ಕಂಪನಿಯವರು ನೋಡುತ್ತಿದ್ದಾರಂತೆ. ಈ ಚನ್ನಗಿರಿಯವನ ಕೈಗೆ ಸಿಕ್ಕಿದ ಮೇಲೆ ಕೇಳಬೇಕೇ, ಇವತ್ತು ಬಾ ನಾಳೆ ಬಾ ಎಂದು ಸತಾಯಿಸುತ್ತಾನೆ. ನೀನು ಅವನಿಗೆ ಬರೆಯಲು ಹೋಗಬೇಡ. ಹೆಣ್ಣುಮಕ್ಕಳು ಬರೆದರೆ ಇನ್ನೂ ಸದರ ಮಾಡಿಕೊಳ್ಳುತ್ತಾನೆ. ನಾನು ನೋಡಿಕೊಳ್ಳುತ್ತೇನೆ.

ನನಗನಿಸುವುದು, ಸೈಕಲ್ ಬರುವ ಹಾಗೆ ಕಾಣುವುದಿಲ್ಲ. ಆ ತಾಂಡಾ ದಾರಿಯಲ್ಲಿ ಒಬ್ಬಳೇ ನಡೆದು ಓಡಾಡುವುದು ನನಗೆ ಸರಿಬರುವುದಿಲ್ಲ. ಕಾಲು ನೋಯಿಸಿಕೊಂಡು ಯಾರಿಗೆ ದುಡಿಯಬೇಕು? ಮರುಳಪ್ಪನವರು ಡಿಸೆಂಬರ್ ಕೊನೆಯಲ್ಲಿ ನಮ್ಮ ಮನೆಗೆ ಬರುತ್ತಾರೆ. ಹುಡುಗನೂ ಬರುತ್ತಾನೆ. ರಜಾ ಹಾಕಿ ಬಾ. ಕೆಲಸದ ವಿಚಾರ ಆಮೇಲೆ ನೋಡೋಣ.

ನಿಮ್ಮಮ್ಮ ಚೆನ್ನಾಗಿದ್ದಾಳೆ. ಈಚೆಗೆ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ.

ಪಂಚಾಕ್ಷರಪ್ಪ


ನ್ಯಾಮತಿ
25-11-1979

ಮಾನ್ಯ ತಿಪ್ಪೇಶಪ್ಪನವರಿಗೆ, ಜಗಳೂರಿನ ಪಂಚಾಕ್ಷರಪ್ಪನವರ ಮಗಳು ರುದ್ರಾಣಿಯ ನಮಸ್ಕಾರ.

ನಿಮಗೆ ಬರೆಯಬೇಡ ಎಂದು ನನ್ನ ತಂದೆ ಹೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ತಂದೆ ಯಾರನ್ನೇ ಆಗಲಿ ಬಿಡುವವರಲ್ಲ. ಒಂದು ಲೋಟ ಸೊಟ್ಟಗಿದ್ದರೆ ದಾವಣಗೆರೆಯ ಹೋಲ್‌ಸೇಲ್ ಅಂಗಡಿಯ ಮುಂದೆ ಹೋಗಿ ಕೂರುವವರು. ನಿಮ್ಮನ್ನು ಮಾತ್ರ ಈಗ ಸುಮ್ಮನೆ ಬಿಟ್ಟಿದ್ದಾರೆ, ಬೈಗುಳದಲ್ಲೂ ಉಪ್ಪುಖಾರ ಇಲ್ಲ. ನನಗೆ ಅದೇ ಅನುಮಾನ.

ನೇರವಾಗಿ ಕೇಳುತ್ತೇನೆ. ಸೈಕಲ್ ಸರಿಮಾಡಬೇಡಿ, ತಡಮಾಡಿ ಎಂದು ಅವರೇ ನಿಮಗೆ ಹೇಳಿದ್ದಾರೆಯೇ? ನಾನು ಕೆಲಸ ಬಿಟ್ಟು ಹೊನ್ನಾಳಿಗೆ ಸೊಸೆಯಾಗಿ ಹೋಗಲೆಂದು ಅವರಿಗೆ ಆಸೆಯಿದೆ. ಹೌದೆಂದರೆ ಹೌದೆನ್ನಿ. ನಾನು ಯಾರಿಗೂ ಹೇಳುವುದಿಲ್ಲ.

ರುದ್ರಾಣಿ, ಆರೋಗ್ಯ ಸಹಾಯಕಿ


ಚನ್ನಗಿರಿ
3-12-1979

ರುದ್ರಾಣಿಯಮ್ಮನವರಿಗೆ.

ತಾವು ಕೇಳಿದ ಹಾಗೆ ತಮ್ಮ ತಂದೆಯವರು ನನಗೆ ಏನೂ ಹೇಳಿಲ್ಲ. ಅದು ನಿಜ. ಅವರಿಗೆ ಬರೆದ ಕೊನೆಯ ಕಾಗದಕ್ಕೆ ಉತ್ತರವನ್ನೇ ಕೊಟ್ಟಿಲ್ಲ. ಅವರ ವಿಷಯವನ್ನು ನಾನು ಕಾಗದದಲ್ಲಿ ಬರೆಯುವುದು ಸರಿಯಲ್ಲ. ಫ್ರೇಮ್ ನನ್ನ ಅಂಗಡಿಯಲ್ಲೇ ಇದೆ. ಒಂದು ಭಾನುವಾರ ಬಂದು ನೋಡಿ.

ತಿಪ್ಪೇಶಪ್ಪ


ನ್ಯಾಮತಿ
10-12-1979

ಅಪ್ಪಾಜಿಗೆ.

ನಿನ್ನೆ ಚನ್ನಗಿರಿಗೆ ಹೋಗಿದ್ದೆ. ತಿಪ್ಪೇಶಪ್ಪನವರು ಕುರ್ಚಿ ಹಾಕಿ, ಟೀ ತರಿಸಿ, ಒಳಗಿನಿಂದ ಫ್ರೇಮ್ ತಂದು ನನ್ನ ಮುಂದೆ ಇಟ್ಟರು. ನಾನು ಓದಿದೆ. ನಮ್ಮ ಮನೆಯ ಲೋಟ, ಚೊಂಬು, ಪರಾತಗಳ ಮೇಲಿರುವ ಅದೇ ಕೈ. ಯಾರು ಕೊರೆದದ್ದು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. "ಯಾವಾಗ ಬಂತು" ಎಂದೆ. "ದೀಪಾವಳಿ ಮುಗಿದ ವಾರಾನೇ ಬಂತಮ್ಮ. ಅಪ್ಪಾರಿಗೆ ಆವಾಗ್ಲೇ ಬರೆದೀನಿ" ಎಂದರು. ಅವರ ಮುಖ ನೋಡಲು ನನಗೆ ನಾಚಿಕೆಯಾಯಿತು.

ಹೆಸರು ಕೊರೆದದ್ದಕ್ಕೆ ಫ್ರೇಮ್ ಬಿರಿಯಿತು, ಅದು ತಿಳಿಯದೆ ಆದದ್ದು. ಅದಕ್ಕೆ ನಾನು ಕೋಪ ಮಾಡುವುದಿಲ್ಲ. ಆದರೆ ಅದು ಗೊತ್ತಾದ ಮೇಲೂ ಕಂಪನಿಯವರು ನೋಡುತ್ತಿದ್ದಾರೆ ಎಂದು ಬರೆದಿರಲ್ಲ, ಹಾಗೆ ಬರೆಯಲು ನಿಮಗೆ ಕೈ ಹೇಗೆ ಬಂತು? ಇಷ್ಟು ದಿನ ನಾನು ನಡೆದೆ. ಸೈಕಲ್ ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ತಾಂಡಾದ ಹೆಂಗಸರಿಗೆ ಹೇಳಿಕೊಂಡು ನಡೆದೆ. ಚೌಡಕ್ಕ ಪಾಪ, "ನಾನು ಕೂತದ್ದಕ್ಕೇ ಮುರೀತೇನೋ" ಎಂದು ಈಗಲೂ ಕೇಳುತ್ತಾಳೆ.

ನಾನು ಅಂದುಕೊಂಡದ್ದನ್ನು ಮುಚ್ಚಿಡುವುದಿಲ್ಲ. ಜನವರಿ ಹೇಗೋ ದಾಟಲಿ, ಕೆಲಸ ತಾನಾಗಿ ಹೋಗಲಿ, ಆಗ ಹೊನ್ನಾಳಿಯವರಿಗೆ ಒಪ್ಪಿಸೋಣ ಎಂದು ನೀವು ಕಾದಿರಿ. ಅಲ್ಲವೆಂದರೆ ಅಲ್ಲವೆಂದು ಬರೆಯಿರಿ. ಬರೆದರೂ ನಾನು ನಂಬುತ್ತೇನೋ ಇಲ್ಲವೋ ಹೇಳಲಾರೆ.

ಇನ್ನೊಂದು. ಪಾತ್ರೆ ಮೇಲೆ ಕೊಟ್ಟವರ ಹೆಸರು ಹಾಕುವುದು ಪದ್ಧತಿ, ಒಪ್ಪಿದೆ. ದಿನವೂ ಅದರ ಮೇಲೆ ಕೂತು ಓಡಾಡುವವಳು ನಾನು. ನನಗೆ ಹೇಳದೆ, ನನಗೆ ಕಾಣದ ಹಾಗೆ, ಅಲ್ಲಿ ನಿಮ್ಮ ಹೆಸರು ಯಾಕೆ?

ಡಿಸೆಂಬರಿನಲ್ಲಿ ನಾನು ಬರುವುದಿಲ್ಲ. ಅಮ್ಮನಿಗೆ ಈ ಕಾಗದ ಪೂರ್ತಿ ಓದಿ ಹೇಳಿ.

ರುದ್ರಾಣಿ, ಆರೋಗ್ಯ ಸಹಾಯಕಿ, ನ್ಯಾಮತಿ


ಜಗಳೂರು
6-1-1980

ರುದ್ರಾಣಿಗೆ.

ನಿಮ್ಮಮ್ಮನಿಗೆ ಪೂರ್ತಿ ಓದಿ ಹೇಳಿದೆ. ಎರಡು ಸಲ ಓದಿಸಿದಳು.

ಹೆಸರು ಯಾಕೆ ಎಂದು ಕೇಳಿದ್ದೀಯ. ನಿನ್ನ ಸೋದರತ್ತೆ ದ್ಯಾಮಮ್ಮ ಗಂಡನ ಮನೆ ಬಿಟ್ಟು ವಾಪಸು ಬಂದದ್ದು ನಿನಗೆ ಗೊತ್ತು. ಹೇಗೆ ಬಂದಳು ಎಂಬುದು ಗೊತ್ತಿಲ್ಲ. ಅವಳ ಪಾತ್ರೆ ತರಲು ನಾನೇ ಗಾಡಿ ಕಟ್ಟಿಕೊಂಡು ಹೋಗಿದ್ದೆ, ಆಗ ನನಗೆ ಮೀಸೆ ಸರಿಯಾಗಿ ಬಂದಿರಲಿಲ್ಲ. ಅವಳ ಮಾವ ಅಷ್ಟೂ ಪಾತ್ರೆ ಅಂಗಳಕ್ಕೆ ತಂದು ಹರಡಿ, "ಇದ್ರಾಗೆ ನಿಮ್ಮದು ಯಾವುದು, ತೋರ್ಸು" ಎಂದ. ಒಂದರ ಮೇಲೂ ಹೆಸರಿರಲಿಲ್ಲ. ನಾನು ಬರೀ ಗಾಡಿ ಹೊಡೆದುಕೊಂಡು ಬಂದೆ. ಅಕ್ಕ ಬರಿಗೈಯಲ್ಲಿ ಹಿಂದೆ ಕೂತು ಜಗಳೂರಿಗೆ ಬಂದಳು. ಆಮೇಲೆ ಉಳಿ ಹಿಡಿಯುವುದನ್ನು ಕಲಿತೆ. ನಮ್ಮ ಮನೆಯಿಂದ ಹೆಸರಿಲ್ಲದೆ ಯಾವ ವಸ್ತುವೂ ಹೊರಗೆ ಹೋಗಿಲ್ಲ. ನಾಳೆ ನಿನ್ನ ಸೈಕಲ್ಲನ್ನು ಯಾರಾದರೂ ಅಂಗಳದಲ್ಲಿ ನಿಲ್ಲಿಸಿ, ಇದು ನಿನ್ನದು ಎಂಬುದಕ್ಕೆ ಏನು ಗುರುತು ಎಂದರೆ, ನಾನು ಬಂದು ಬಣ್ಣ ಕೆರೆದು ತೋರಿಸುವ ಹಾಗಿರಲಿ ಎಂದು ಹಾಕಿದೆ. ನಿನಗೆ ಹೇಳಿದರೆ ಬೇಡ ಎನ್ನುತ್ತಿದ್ದೆ.

ನಿನ್ನ ಕೆಲಸ ಹೋಗಲೆಂದು ಕಾದೆನೋ ಇಲ್ಲವೋ ಎಂಬ ಮಾತಿಗೆ ನಾನು ಉತ್ತರ ಬರೆಯುವುದಿಲ್ಲ. ನೀನು ನಂಬುವ ಉತ್ತರ ನನ್ನ ಹತ್ತಿರ ಇಲ್ಲ. ಹೊನ್ನಾಳಿಯವರಿಗೆ ಬರುವುದು ಬೇಡ ಎಂದು ಹೇಳಿ ಕಳಿಸಿದೆ.

ಚನ್ನಗಿರಿಗೆ ಹೋಗಿ ಹೊಸ ಫ್ರೇಮಿಗೆ ಹೇಳಿ ಬಂದಿದ್ದೇನೆ. ಬಂದ ಮೇಲೆ ಚಕ್ರ ಕೂರಿಸಿ ನಿನಗೆ ತಿಳಿಸುತ್ತಾರೆ. ನೀನೇ ಹೋಗಿ ತೆಗೆದುಕೊ. ನಾನು ಅದನ್ನು ಮನೆಗೆ ತರುವುದಿಲ್ಲ.

ಪಂಚಾಕ್ಷರಪ್ಪ


ನ್ಯಾಮತಿ
3-2-1980

ಅಪ್ಪಾಜಿಗೆ ನಮಸ್ಕಾರಗಳು.

ಮೊದಲು ಕೆಲಸದ ವಿಚಾರ. ಡಾಕ್ಟರು ನಾನು ಮುಟ್ಟದ ತಾಂಡಾಗಳನ್ನು ಒಂದೊಂದಾಗಿ ಹೆಸರು ಹಿಡಿದು ಓದಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಕೊನೆಗೆ, ಕಾಯಂ ಈಗ ಇಲ್ಲ, ಇನ್ನು ಆರು ತಿಂಗಳು ನೋಡುತ್ತೇನೆ ಎಂದರು. ತೆಗೆದು ಹಾಕಲಿಲ್ಲ, ಅದೇ ದೊಡ್ಡದು.

ಇವತ್ತು ಚನ್ನಗಿರಿಗೆ ಹೋಗಿ ಸೈಕಲ್ ತಂದೆ. ನೀವು ಬಂದಿದ್ದ ದಿನದ ವಿಚಾರ ತಿಪ್ಪೇಶಪ್ಪನವರು ಹೇಳಿದರು. "ನನ್ನನ್ನ ಬೈದು ಬರೆದಿದ್ದ ಪೋಸ್ಟ್ ಕಾರ್ಡಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಾಗಿಲು ಹಾಕಾ ತನಕ ಬೆಂಚಿನ ಮ್ಯಾಲೆ ಕೂತಿದ್ದು ಎದ್ದು ಹೋದ್ರು" ಎಂದರು.

ಸೈಕಲ್ ಥಳಥಳ ಹೊಳೆಯುತ್ತಿತ್ತು. ನಾನು ಮೊದಲು ಮಾಡಿದ ಕೆಲಸ, ಅದನ್ನು ಮಲಗಿಸಿ ಸೀಟಿನ ಕೆಳಗೆ ಬೆರಳಾಡಿಸಿದ್ದು. ನುಣುಪಾಗಿತ್ತು. ಹಳೆಯದೂ ಹೀಗೇ ನುಣುಪಾಗಿತ್ತಲ್ಲ ಎನಿಸಿತು. ತಿಪ್ಪೇಶಪ್ಪನವರ ಹತ್ತಿರ ಚಾಕು ಕೇಳಿದೆ. ಅವರಿಗೆ ಅರ್ಥವಾಯಿತು. "ಬ್ಯಾಡಮ್ಮ. ಕೆರೆದ್ರೆ ಇದರ ಗ್ಯಾರಂಟೀನೂ ಹೋಗ್ತದೆ. ಪಾರ್ಸೆಲ್ ಬಿಚ್ಚಿದ್ದು ನಾನು, ಅಪ್ಪಾರು ಇದನ್ನ ಕಣ್ಣಿಂದ ಕೂಡ ನೋಡಿಲ್ಲ" ಎಂದರು. ನಾನು ಅವರನ್ನೂ ನಂಬಲಿಲ್ಲ. ನೀವಿಬ್ಬರೂ ಮಾತಾಡಿಕೊಂಡಿದ್ದೀರಿ ಎಂದುಕೊಂಡೆ.

ಕೆರೆದೆ ಅಪ್ಪಾಜಿ. ಸೀಟಿನ ಕೆಳಗೆ ಕೆರೆದೆ, ಚೈನಿನ ಪಕ್ಕ ಕೆರೆದೆ, ಹ್ಯಾಂಡಲಿನ ಬುಡದಲ್ಲೂ ಕೆರೆದೆ. ಎಲ್ಲೂ ಏನೂ ಇರಲಿಲ್ಲ, ಬರೀ ಕಬ್ಬಿಣ. ಅಲ್ಲೇ ಅಂಗಡಿ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಬಂದು ಹೋಗುವವರೆಲ್ಲ ನೋಡುತ್ತಿದ್ದರು. ತಿಪ್ಪೇಶಪ್ಪನವರು ಡಬ್ಬಿಯಲ್ಲಿದ್ದ ಕಪ್ಪು ಬಣ್ಣ ತಂದು ನಾನು ಕೆರೆದ ಕಡೆಯೆಲ್ಲ ಹಚ್ಚಿದರು. ಗ್ಯಾರಂಟಿ ಕಾರ್ಡನ್ನು ಅವರು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಈ ಸೈಕಲ್ ಮುರಿದರೆ ಇನ್ನು ಯಾರನ್ನೂ ಬೈಯುವ ಹಾಗಿಲ್ಲ.

ನಿಮ್ಮ ಮಗಳು
ರುದ್ರಾಣಿ